ಏಳನೆಯ ಪ್ರಶ್ನೆ

ಅಮೆರಿಕದ ಸಂಯುಕ್ತ ಸಂಸ್ಥಾನಗಳ ಸಂವಿಧಾನವು ವಿದ್ಯಾಭ್ಯಾಸದ ಹೊಣೆಯನ್ನು ಕೇಂದ್ರಕ್ಕೆ ವಹಿಸಲಿಲ್ಲವಾಗಿ, ಹತ್ತೊಂಬತ್ತನೆಯ ಶತಮಾನದ ಅಂತ್ಯದವರೆಗೂ ಅಲ್ಲಿ ಒಂದೊಂದು ಊರಿನ ಪ್ರೌಢಶಾಲೆಯೂ ತನಗೆ ಉಚಿತವೆಂದು ತೋರಿದುದನ್ನು ಕಲಿಸುತ್ತಿದ್ದಿತು. ಒಂದೊಂದು ಕಾಲೇಜೂ ತನ್ನ ಪ್ರವೇಶಕ್ಕೆ ತನಗೆ ಬೇಕಾದುದನ್ನು ವಿಧಿಸುತ್ತಿದ್ದಿತು. ಲ್ಯಾಟಿನ್ ಭಾಷೆಯಲ್ಲಿ ಒಂದು ಕಾಲೇಜು ಕೇಳಿದ ಗ್ರಂಥಭಾಗವನ್ನು ಮತ್ತೊಂದು ಕೇಳದು. ಆದಕಾರಣ ಒಂದೇ ತರಗತಿಯ ಕೆಲವೇ ಹುಡುಗರನ್ನು ಅವರು ಸೇರಬಯಸುವ ಕಾಲೇಜಿಗೆ ಅನುಗುಣವಾಗಿ ಬೇರೆಬೇರೆಯಾಗಿ ಕೂರಿಸಿ ಪಾಠ ಹೇಳಬೇಕಾದ ಸಂಕಟ ಉಪಾಧ್ಯಾಯರದಾಗಿದ್ದಿತು.

ಈ ಅವ್ಯವಸ್ಥೆಗೆ ಪರಿಹಾರವನ್ನರಸಿ ಅಲ್ಲಿಯ ರಾಷ್ಟ್ರೀಯ ವಿದ್ಯಾಭ್ಯಾಸ ಸಂಘವು 1892ರಲ್ಲಿ ಹತ್ತು ಮಂದಿಯ ಸಮಿತಿಯೊಂದನ್ನು ನೇಮಿಸಿ, ಹಾರ್ವರ್ಡ್ ವಿಶ್ವವಿದ್ಯಾನಿಲಯದ ಅಧ್ಯಕ್ಷರಾದ ಚಾರ್ಲ್ಸ್ ಎಲಿಯಟ್ಟರನ್ನು ಅದರ ಮುಂದಾಳುತನಕ್ಕೆ ಆರಿಸಿತು. ಲ್ಯಾಟಿನ್, ಗ್ರೀಕ್, ಗಣಿತ, ಚರಿತ್ರೆ ಮೊದಲಾಗಿ ಒಂಬತ್ತು ವಿಷಯಗಳಿಗೆ ಹತ್ತು ಹತ್ತು ಮಂದಿಯ ಗೋಷ್ಠಿಗಳು ಆ ವರ್ಷದ ಡಿಸೆಂಬರಿನಲ್ಲಿ ಸೇರಿದುವು. ಚರಿತ್ರೆಯ ಗೋಷ್ಠಿಯಲ್ಲಿ, ಮುಂದೆ ಆ ದೇಶದ ಅಧ್ಯಕ್ಷಪದವಿಗೇರಿದ ವುಡ್ರೋ ವಿಲ್ಸನ್ನರೂ ಇದ್ದರು. ಸಮಿತಿಯು ಗೋಷ್ಠಿಗಳ ಮುಂದಿಟ್ಟ ಪ್ರಶ್ನಾವಳಿಯಲ್ಲಿ ಏಳನೆಯದು ಎಲ್ಲಕ್ಕೂ ಮಿಗಿಲಾದುದು: ಕಾಲೇಜಿಗೆ ಹೋಗತಕ್ಕವನಿಗೆ ಒಂದು ಬಗೆಯಾಗಿಯೂ, ಶಾಲೆ ಮುಗಿಸಿ ನೇರವಾಗಿ ದುಡಿಮೆಗೆ ಇಳಿಯತಕ್ಕವನಿಗೆ ಇನ್ನೊಂದು ಬಗೆಯಾಗಿಯೂ ವಿಷಯವನ್ನು ಬೋಧಿಸಬೇಕೆ? ಬೇಡವೆಂದು ಒಂಬತ್ತು ಗೋಷ್ಠಿಗಳೂ ಒಮ್ಮತದಿಂದ ನುಡಿದುವು. ಪ್ರೌಢಶಾಲೆಯಿರುವುದು ಕಾಲೇಜಿಗಾಗಿಯಲ್ಲ, ಜೀವನದ ಕರ್ತವ್ಯಗಳಿಗಾಗಿ. ಜೀವನಕ್ಕೆ ಅಣಿಮಾಡುವ ಪಾಠವೇ ಕಾಲೇಜಿಗೂ ಸಾಕಾಗಬೇಕು ಎಂಬುದು 1893ರ ವರದಿಯ ತಾತ್ಪರ್ಯ.

ಈ ಉತ್ತರವನ್ನು ಓದಿದಾಗಲೆಲ್ಲ ನನ್ನ ಮನಸ್ಸು ತುಂಬುತ್ತದೆ. ಹದಿಮೂರು ವರ್ಷದ ಬಾಲಕನೊಬ್ಬನ ಮುಂದಿನ ಬಾಳನ್ನು ಅವನ ತಂದೆಯ ಕಸುಬನ್ನು ನೋಡಿ ನಿಶ್ಚಯಿಸಿ, ಅವನಿಗೆ ಕೊಡುವ ವಿದ್ಯೆಯನ್ನು ಮೊದಲೇ ತಗ್ಗಿಸಿಬಿಡುವುದು ಅನ್ಯಾಯವೆಂಬುದನ್ನು ಅವರು ಕಂಡುಕೊಂಡಿದ್ದರು. ಆದರೆ ಶಾಲೆಗಳು ಕಿಕ್ಕಿರಿದಂತೆಲ್ಲ ಕಾಲವು ಬೇರೆ ಹಾದಿ ಹಿಡಿಯಿತು. 1917ರ ಸ್ಮಿತ್-ಹ್ಯೂಸ್ ಶಾಸನವು ಬೇಸಾಯ, ಕೈಕಸುಬು, ಗೃಹವಿಜ್ಞಾನಗಳ ಬೋಧನೆಗೆ ಕೇಂದ್ರದ ಹಣವನ್ನೊದಗಿಸಿತು. ಕಸುಬನ್ನು ಕಲಿಸಿದುದು ತಪ್ಪಲ್ಲ. ಕಸುಬಿನ ಹುಡುಗನನ್ನೂ ಓದಿನ ಹುಡುಗನನ್ನೂ ಬೇರೆಬೇರೆ ಕೊಠಡಿಗಳಿಗೆ ಅಟ್ಟಿದುದು ತಪ್ಪು.

ಏಕರೂಪತೆಯೇನೋ ಬಂದಿತು, ಬೇರೆ ಬಾಗಿಲಿನಿಂದ. 1900ರಲ್ಲಿ ಸ್ಥಾಪಿತವಾದ ಕಾಲೇಜು ಪ್ರವೇಶ ಪರೀಕ್ಷಾ ಮಂಡಲಿಯ ಮೊದಲ ಪರೀಕ್ಷೆಗೆ 1901ರ ಜೂನಿನಲ್ಲಿ ಕುಳಿತವರು 973 ಮಂದಿ. ಅನಂತರ, 1905ರಲ್ಲಿ, ಉಕ್ಕಿನ ಉದ್ಯಮಿ ಆಂಡ್ರ್ಯೂ ಕಾರ್ನೆಗಿಯವರು ಕಾಲೇಜು ಅಧ್ಯಾಪಕರ ನಿವೃತ್ತಿವೇತನಕ್ಕೆಂದು 1 ಕೋಟಿ ಡಾಲರುಗಳನ್ನು ದಾನಮಾಡಿದರು. ಯಾವುದು ಕಾಲೇಜು, ಯಾವುದಲ್ಲ ಎಂಬುದನ್ನು ಗೊತ್ತುಮಾಡಬೇಕಾಗಿ ಬಂದ, ಆ ದಾನದ ಹೊಣೆ ಹೊತ್ತ ಪ್ರತಿಷ್ಠಾನವು, ಪ್ರವೇಶಾರ್ಥಿಯಿಂದ ಪ್ರೌಢಶಾಲೆಯ 14 ಘಟಕಗಳ ವ್ಯಾಸಂಗವನ್ನು ಕೇಳುವ ಸಂಸ್ಥೆಯೇ ಕಾಲೇಜೆಂದು ವಿಧಿಸಿತು. ಒಂದು ವಿಷಯವನ್ನು ಒಂದು ವರ್ಷದಲ್ಲಿ ಸುಮಾರು 120 ಗಂಟೆ ಓದಿದರೆ ಅದೊಂದು ಘಟಕ. ವೃದ್ಧಾಪ್ಯದ ವೇತನವನ್ನು ಬಯಸಿದ ಕಾಲೇಜುಗಳು ಒಪ್ಪಿದುವು. ಕಾಲೇಜುಗಳನ್ನು ಶಾಲೆಗಳು ಅನುಸರಿಸಿದುವು. ಹೀಗೆ, ಹುಡುಗನು ಎಷ್ಟು ಕಲಿತನೆಂಬುದಕ್ಕೆ ಬದಲಾಗಿ ಎಷ್ಟು ಹೊತ್ತು ಕುಳಿತನೆಂಬುದೇ ಅಳತೆಯಾಯಿತು.

2010ರಲ್ಲಿ ಸಂಸ್ಥಾನಗಳ ರಾಜ್ಯಪಾಲರ ಸಂಘವೂ ಶಾಲಾಶಿಕ್ಷಣದ ಮುಖ್ಯಾಧಿಕಾರಿಗಳ ಮಂಡಲಿಯೂ ಕೂಡಿ ಇಂಗ್ಲಿಷ್ ಮತ್ತು ಗಣಿತಗಳಿಗೆ ಸಮಾನ ಮಟ್ಟಗಳನ್ನು ಪ್ರಕಟಿಸಿದಾಗ, ಕಾಲೇಜಿಗೂ ಉದ್ಯೋಗಕ್ಕೂ ಒಂದೇ ಸಿದ್ಧತೆಯೆಂಬ ಆ ಹಳೆಯ ಉತ್ತರವೇ ಮತ್ತೆ ತಲೆಯೆತ್ತಿತು. ನಲವತ್ತಕ್ಕೂ ಹೆಚ್ಚು ಸಂಸ್ಥಾನಗಳು ಆ ಮಟ್ಟಗಳನ್ನು ಅಂಗೀಕರಿಸಿದುವು. 2014ರಲ್ಲಿ ಇಂಡಿಯಾನಾ ಮೊಟ್ಟಮೊದಲು ಹಿಂದೆ ಸರಿಯಿತು. 120 ಗಂಟೆಗಳ ಘಟಕವಾದರೋ ಅಲ್ಲಿಯ ಬಹುತೇಕ ಪ್ರೌಢಶಾಲೆಗಳಲ್ಲಿ ಇಂದಿಗೂ ಉಳಿದಿದೆ.