ಬಯಲುಸೀಮೆಗೆ ಬಂದ ಕಡಲ ಮೀನು



ನಮ್ಮ ಜಿಲ್ಲೆಯಲ್ಲಿ ಕಡಲಿಲ್ಲ. ಆದರೆ ಕಡಲಿನ ಹೆಸರುಗಳಿಗೆ ಕೊರತೆಯಿಲ್ಲ. ಹಿಂದಿನವರು ಕೆರೆಯೊಂದನ್ನು ಕಟ್ಟಿ ಅದಕ್ಕೆ ಭೀಮಸಮುದ್ರ ಎಂದರು. ಮಾರಿಕಣಿವೆಯಲ್ಲಿ ವೇದಾವತಿಗೆ ಅಡ್ಡಲಾಗಿ ಕಟ್ಟಿ 1907ರಲ್ಲಿ ಮುಗಿಸಿದ ಅಣೆಕಟ್ಟು ವಾಣಿವಿಲಾಸ ಸಾಗರವಾಯಿತು. ಆ ಸಾಗರ 1933ರಲ್ಲಿ ಕೋಡಿ ಹರಿದ ಮೇಲೆ ಮತ್ತೆ ಕೋಡಿ ಹರಿಯಲು 2022ರವರೆಗೆ ಕಾಯಬೇಕಾಯಿತು. ನಾಲ್ಕು ಆಳು ನೀರು ನಿಂತರೂ ಅದನ್ನು ಸಮುದ್ರವೆಂದು ಕರೆಯುವುದು ಬಾಯಾರಿದವರ ಆಸೆಯಿರಬೇಕು.

ಇಂಥ ನಾಡಿನ ಹಿರಿಯೂರಿನಲ್ಲಿ, ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಮನೆಯ ನಡುಮನೆಯಲ್ಲಿ, 2016ರಲ್ಲಿ ನಾನು ನಿಜವಾದ ಕಡಲ ಮೀನೊಂದನ್ನು ಕಂಡೆ. ಅವನದು ಬಟ್ಟೆಯ ವ್ಯಾಪಾರ. "ಸಾರ್, ಒಂದು ಸಲ ಬಂದು ನೋಡಿ. ಇದೆಲ್ಲ ಶುರುವಾಗಿದ್ದೇ ನಿಮ್ಮ ಪಾಠದಿಂದ" ಎಂದು ದೂರವಾಣಿಯಲ್ಲಿ ಒತ್ತಾಯಿಸಿದ್ದ. ಆ ಮಾತು ನನ್ನನ್ನು ಹಿಗ್ಗಿಸಲಿಲ್ಲ, ಚುಚ್ಚಿತು. ಕಾರಣವನ್ನು ಕೊನೆಯಲ್ಲಿ ಹೇಳುತ್ತೇನೆ.

ಐದು ಅಡಿ ಉದ್ದದ ಗಾಜಿನ ತೊಟ್ಟಿ. ಒಳಗೆ ಕಲ್ಲಿನ ಗುಡ್ಡೆ, ಮೇಲೆ ನೀಲಿ ದೀಪ. ಕಲ್ಲಿನ ಸಂದಿಯಿಂದ ಅರ್ಧ ಅಂಗೈಯಷ್ಟು ದೊಡ್ಡ ಮೀನೊಂದು ಹೊರಬಂದಿತು. ಕಪ್ಪುಗೂಡಿದ ನೀಲಿ ಮೈ. ಅದರ ಮೇಲೆ ಒಂದರೊಳಗೊಂದು ಬಿಳಿಯ ಬಳೆಗಳು. ಎಂಪರರ್ ಏಂಜೆಲ್ ಎಂಬ ಮೀನಿನ ಮರಿ ಅದು. ಅಂಗಡಿಗಳಲ್ಲಿ ಅಗ್ಗಕ್ಕೆ ಸಿಗುವ, ಉದ್ದ ರೆಕ್ಕೆಯ ಏಂಜೆಲ್ ಮೀನು ಬೇರೆ. ಅದು ಅಮೆಜಾನ್ ನದಿಯ ಸಿಹಿನೀರಿನದು. ಹೆಸರೊಂದನ್ನು ಬಿಟ್ಟರೆ ಇದಕ್ಕೂ ಅದಕ್ಕೂ ನಂಟಿಲ್ಲ. ಇದು ಹಿಂದೂ ಮಹಾಸಾಗರ ಮತ್ತು ಶಾಂತಸಾಗರದ ಹವಳದ ದಿಬ್ಬಗಳ ನಿವಾಸಿ. ನಮ್ಮ ಮುರ್ಡೇಶ್ವರದಾಚೆಯ ನೇತ್ರಾಣಿ ದ್ವೀಪದ ಸುತ್ತಲೂ ಇದರ ಬಳಗದ ಮೀನುಗಳಿವೆ.

ಈ ಮೀನಿನ ಹೆಸರಿಗೇ ಒಂದು ಇತಿಹಾಸವಿದೆ. ಬರ್ಲಿನ್ನಿನ ವೈದ್ಯ ಮಾರ್ಕಸ್ ಬ್ಲಾಕ್ 1787ರಲ್ಲಿ ಇದಕ್ಕೆ ಚಕ್ರವರ್ತಿ ಎಂಬ ಅರ್ಥದ ಲ್ಯಾಟಿನ್ ಹೆಸರಿಟ್ಟ. ಬ್ಲಾಕ್ 1799ರಲ್ಲಿ ತೀರಿಕೊಂಡ. ಅವನ ಬಿಟ್ಟುಹೋದ ಗ್ರಂಥವನ್ನು ಷ್ನೈಡರ್ ಎಂಬ ವಿದ್ವಾಂಸ 1801ರಲ್ಲಿ ಪೂರ್ಣಗೊಳಿಸಿ ಪ್ರಕಟಿಸಿದ. ಅದರಲ್ಲಿ ಬಿಳಿ ಬಳೆಗಳ ಮೀನೊಂದಕ್ಕೆ ನಿಕೋಬಾರ್ ದ್ವೀಪಗಳ ಹೆಸರನ್ನಿಟ್ಟು ಬೇರೆಯೇ ಜಾತಿಯೆಂದು ಬರೆಯಲಾಯಿತು. ಅದು ಬೇರೆ ಜಾತಿಯಲ್ಲ, ಚಕ್ರವರ್ತಿಯ ಮರಿ. ಬೆಳೆಯುತ್ತ ಹೋದಂತೆ ಬಳೆಗಳು ಮಾಯವಾಗಿ, ನೀಲಿ ಮೈಮೇಲೆ ಹಳದಿ ಗೆರೆಗಳು ಮೂಡಿ, ಮೀನು ಸುಮಾರು 40 ಸೆಂಟಿಮೀಟರ್‌ವರೆಗೂ ಬೆಳೆಯುತ್ತದೆ. ದೊಡ್ಡ ಮೀನು ತನ್ನ ಎಲ್ಲೆಯೊಳಗೆ ತನ್ನಂಥದೇ ಬಣ್ಣದ ಮತ್ತೊಂದನ್ನು ಸಹಿಸದು. ಮರಿಯ ಬೇರೆ ಬಣ್ಣ ಅದನ್ನು ಹಿರಿಯರ ಕೋಪದಿಂದ ಕಾಪಾಡುತ್ತದೆ ಎಂದು ವಿವರಿಸುತ್ತಾರೆ. ಮದ್ಯಸಾರದಲ್ಲಿ ಅದ್ದಿಟ್ಟ ಸತ್ತ ಮೀನನ್ನು ಎಷ್ಟು ನೋಡಿದರೂ ಈ ಗುಟ್ಟು ತಿಳಿಯದು. ಬದುಕಿರುವ ಮೀನನ್ನು ದಿನದಿನವೂ ನೋಡಬೇಕು.

ಇನ್ನೊಂದು ಸಂಗತಿ ನಮ್ಮವರಿಗೆ ತಿಳಿದಿರಲಿ. ಯುರೋಪಿನಲ್ಲಿ ಈ ಮೀನಿಗೆ ಎರಡನೆಯ ಹೆಸರು ಬೀಳುತ್ತಿದ್ದ ಕಾಲದಲ್ಲೇ, 1800-01ರಲ್ಲಿ, ಫ್ರಾನ್ಸಿಸ್ ಬುಕಾನನ್ ಮೈಸೂರು ಸೀಮೆಯನ್ನು ಸುತ್ತುತ್ತಿದ್ದ. ಹೊಸದುರ್ಗದ ಮತ್ತೋಡಿನಲ್ಲಿ ಬಳೆಗಾರರು ಕುಲುಮೆಯಲ್ಲಿ ಗಾಜು ಕರಗಿಸುವುದನ್ನು ಅವನು ವಿವರವಾಗಿ ದಾಖಲಿಸಿದ. ಆ ಪ್ರವಾಸ ಕಥನ 1807ರಲ್ಲಿ ಪ್ರಕಟವಾಯಿತು. ನಮ್ಮಲ್ಲಿ ಗಾಜು ಹೆಣ್ಣುಮಕ್ಕಳ ಕೈಗೆ ಬಳೆಯಾಯಿತು. ಅರ್ಧ ಶತಮಾನದ ನಂತರ ಇಂಗ್ಲೆಂಡಿನಲ್ಲಿ ಅದೇ ಗಾಜು ಮೀನಿಗೆ ಮನೆಯಾಯಿತು.

ಲಂಡನ್ನಿನ ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್ಟನ್ 1850ರಲ್ಲಿ ಒಂದು ಪ್ರಯೋಗದ ವರದಿ ಕೊಟ್ಟ. ನೀರಿನಲ್ಲಿ ಮೀನು, ಜಲಸಸ್ಯ, ಬಸವನಹುಳು ಮೂರನ್ನೂ ಒಟ್ಟಿಗೆ ಇಟ್ಟರೆ ಒಂದಕ್ಕೊಂದು ಆಸರೆಯಾಗಿ ಬಾಳುತ್ತವೆ ಎಂಬುದು ಅದರ ಸಾರ. 1853ರಲ್ಲಿ ಲಂಡನ್ನಿನ ಮೃಗಾಲಯದಲ್ಲಿ ಮೀನಿನ ಮನೆ ತೆರೆಯಿತು. ಮರುವರ್ಷ ಫಿಲಿಪ್ ಹೆನ್ರಿ ಗಾಸ್ ಬರೆದ ಪುಸ್ತಕದಿಂದ ಅಕ್ವೇರಿಯಂ ಎಂಬ ಪದ ಮನೆಮಾತಾಯಿತು. ಅಲ್ಲಿಂದ ಶುರುವಾದ ಹುಚ್ಚಿನಲ್ಲಿ ಜನ ಬುಟ್ಟಿ ಹಿಡಿದು ಸಮುದ್ರತೀರಕ್ಕೆ ನುಗ್ಗಿದರು. ಶತಮಾನಗಳಿಂದ ಯಾರೂ ಮುಟ್ಟದಿದ್ದ ಬಂಡೆಗಳ ನಡುವಿನ ಕೊಳಗಳು ಬರಿದಾದವು. ತಂದೆಯ ಪುಸ್ತಕಗಳೇ ಈ ನಾಶಕ್ಕೆ ದಾರಿ ತೋರಿದವೆಂದು ಗಾಸ್‌ನ ಮಗ ಎಡ್ಮಂಡ್ 1907ರ ತನ್ನ ಆತ್ಮಕಥನದಲ್ಲಿ ನೊಂದು ಬರೆದ. ಪ್ರೀತಿಯಿಂದ ಕಲಿಸಿದ್ದೂ ಕೇಡಾಗಬಹುದು ಎಂಬುದನ್ನು ಮೇಷ್ಟರಾದವರು ನೆನಪಿಡಬೇಕು.

ನಮ್ಮ ದೇಶದಲ್ಲಿ ಕಡಲ ಮೀನನ್ನು ಸಾರ್ವಜನಿಕರಿಗೆ ತೋರಿಸುವ ಮತ್ಸ್ಯಾಲಯ ಮದರಾಸಿನ ಮರೀನಾ ತೀರದಲ್ಲಿ 1909ರಲ್ಲಿ ತೆರೆಯಿತು. ಮುಂಬಯಿಯ ತಾರಾಪೊರವಾಲಾ ಮತ್ಸ್ಯಾಲಯ 1951ರದು. ಎರಡೂ ಕಡಲ ದಂಡೆಯಲ್ಲೇ ಇದ್ದವು, ಏಕೆಂದರೆ ಉಪ್ಪುನೀರು ಪಕ್ಕದಲ್ಲಿರಬೇಕಿತ್ತು. 1960ರ ದಶಕದಲ್ಲಿ ಕೃತಕ ಕಡಲ ಉಪ್ಪಿನ ಪುಡಿ ಮಾರುಕಟ್ಟೆಗೆ ಬಂದ ಮೇಲೆ ಈ ಕಟ್ಟು ಸಡಿಲವಾಯಿತು. ಸಾವಿರ ಭಾಗಕ್ಕೆ ಸುಮಾರು 35 ಭಾಗ ಉಪ್ಪು ಬೆರೆಸಿದರೆ ಹಿರಿಯೂರಿನಲ್ಲೂ ಸಮುದ್ರದ ನೀರು ಸಿದ್ಧ!

ಆದರೆ ನೀರು ಸಿದ್ಧವಾದರೆ ಕಡಲು ಸಿದ್ಧವಾಗದು. ಮೀನಿನ ವಿಸರ್ಜನೆಯಿಂದ ಅಮೋನಿಯ ಹುಟ್ಟುತ್ತದೆ; ಅದು ವಿಷ. ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ, ಅದೂ ವಿಷವೇ. ಇನ್ನೊಂದು ಬಗೆಯದು ಅದನ್ನು ನೈಟ್ರೇಟ್ ಮಾಡಿದಾಗ ಅಪಾಯ ತಗ್ಗುತ್ತದೆ. ಕಣ್ಣಿಗೆ ಕಾಣದ ಈ ಕೆಲಸಗಾರರು ಹೊಸ ತೊಟ್ಟಿಯಲ್ಲಿ ನೆಲೆಯೂರಲು ನಾಲ್ಕಾರು ವಾರ ಬೇಕು. ಜಕಾರ್ತದ ಲೀ ಚಿನ್ ಎಂಗ್ ಎಂಬಾತ ಹವಳದ ದಿಬ್ಬದ ಕಲ್ಲನ್ನೇ ಅದರ ಜೀವಿಗಳ ಸಮೇತ ತೊಟ್ಟಿಗೆ ಹಾಕಿ, ಗಾಳಿಯ ಗುಳ್ಳೆ ಬಿಟ್ಟು, ಮೀನು ಹವಳ ಎರಡನ್ನೂ ಬಾಳಿಸಿದ. ಅದನ್ನು 1961ರಲ್ಲಿ ಲೇಖನವಾಗಿ ಬರೆದ. ಬಳಿಕ ಜರ್ಮನರು ಅದನ್ನು ಬೆಳೆಸಿದರು. 1986ರಲ್ಲಿ ಜಾರ್ಜ್ ಸ್ಮಿಟ್‌ನ ಲೇಖನಗಳು ಅಮೆರಿಕದ ಮನೆಮನೆಗೆ ಹವಳದ ತೊಟ್ಟಿಯನ್ನು ಪರಿಚಯಿಸಿದವು.

ಹವಳದ ತೊಟ್ಟಿಯಲ್ಲಿ ಏಂಜೆಲ್ ಮೀನು ಮಾತ್ರ ಸುಲಭದ ಅತಿಥಿಯಲ್ಲ. ಕಡಲಿನಲ್ಲಿ ಸ್ಪಂಜುಗಳನ್ನು ಮೇಯುವ ಅದು ಹವಳವನ್ನೂ ಕುಕ್ಕುತ್ತದೆ. ಮನೆಯವರಿಗೆ ಹವಳವೂ ಬೇಕು, ಮೀನೂ ಬೇಕು. ನನ್ನ ವಿದ್ಯಾರ್ಥಿಗೆ ಈ ಇಕ್ಕಟ್ಟಿರಲಿಲ್ಲ. 1998ರಲ್ಲಿ ಕಡಲು ಬಿಸಿಯೇರಿ ಲಕ್ಷದ್ವೀಪ, ಮನ್ನಾರ್ ಕೊಲ್ಲಿಗಳ ಹವಳ ಬೆಳ್ಳಗಾಗಿ ಸತ್ತಿತ್ತು. 2001ರಲ್ಲಿ ನಮ್ಮ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಗೆ ಹವಳವನ್ನು ಸೇರಿಸಲಾಯಿತು. ಕಾನೂನು ತಿಳಿದಿದ್ದ ಹುಡುಗ ಜೀವವಿಲ್ಲದ ಕಲ್ಲನ್ನೇ ಜೋಡಿಸಿ ಬ್ಯಾಕ್ಟೀರಿಯಾ ಕೂರುವ ತನಕ ಕಾದಿದ್ದ.

ಆದರೂ ಮೀನು ಬಂದದ್ದು ಕಡಲಿನಿಂದಲೇ. ಈ ವ್ಯಾಪಾರಕ್ಕೆ ಕರಾಳ ಮುಖವಿದೆ. ಫಿಲಿಪ್ಪೀನ್ಸಿನಲ್ಲಿ 1960ರ ದಶಕದಿಂದ ಹವಳದ ಸಂದಿಗಳಿಗೆ ಸೈನೈಡ್ ಚಿಮುಕಿಸಿ, ಮತ್ತು ಬಂದ ಮೀನನ್ನು ಹಿಡಿಯುವ ಪದ್ಧತಿ ಬೆಳೆಯಿತು. ಅದರಿಂದ ಹವಳ ಸಾಯುತ್ತದೆ. ಹಿಡಿದ ಮೀನುಗಳಲ್ಲೂ ಎಷ್ಟೋ ಆಮೇಲೆ ಸಾಯುತ್ತವೆ. ಏಂಜೆಲ್ ಮೀನಿನ ಮರಿಗಳನ್ನು ತೊಟ್ಟಿಯಲ್ಲೇ ಹುಟ್ಟಿಸಿ ಸಾಕುವುದು ಬಹುಕಾಲ ಕೈಗೂಡಲಿಲ್ಲ, ಏಕೆಂದರೆ ಮೊಟ್ಟೆಯೊಡೆದ ಮರಿಯ ಪುಟ್ಟ ಬಾಯಿಗೆ ತಕ್ಕ ಆಹಾರ ಸಿಗುತ್ತಿರಲಿಲ್ಲ. ಈ ಶತಮಾನದ ಮೊದಲ ವರ್ಷಗಳಲ್ಲಿ ಹವಾಯಿಯ ಫ್ರಾಂಕ್ ಬೆನ್ಷ್ ಗಿಡ್ಡ ಏಂಜೆಲ್ ಜಾತಿಗಳಲ್ಲಿ ಇದನ್ನು ಸಾಧಿಸಿ ದಾರಿ ತೋರಿದ.

ಹಿರಿಯೂರಿನ ಮನೆಗೆ ಮರಳೋಣ. ನಮ್ಮ ಕೊಳವೆಬಾವಿಯ ಗಡಸು ನೀರು ಆ ತೊಟ್ಟಿಗೆ ಆಗದು, ಶುದ್ಧೀಕರಿಸಬೇಕು. ಒಂದು ಕೊಡ ಶುದ್ಧ ನೀರಿಗೆ ಎರಡು ಮೂರು ಕೊಡ ಹೊರಗೆ ಹೋಗುತ್ತಿತ್ತು. ಅವನು ಅದನ್ನು ತೆಂಗಿನ ಬುಡಕ್ಕೆ ಬಿಡುತ್ತಿದ್ದ. ಆದರೂ ಬೀದಿಯಲ್ಲಿ ಟ್ಯಾಂಕರ್ ಬಂದಾಗ ಕೊಡಗಳ ಸಾಲು ನೋಡಿ ಅವನ ತಾಯಿ, "ಮೀನಿಗಿರೋ ನೀರು ಮನುಷ್ಯರಿಗಿಲ್ಲವಲ್ಲಪ್ಪಾ" ಎಂದರು. ಅವನು ಉತ್ತರಿಸಲಿಲ್ಲ. ನನಗೂ ಉತ್ತರ ತೋಚಲಿಲ್ಲ.

ಮರು ಬೇಸಿಗೆಯ ಒಂದು ರಾತ್ರಿ ವಿದ್ಯುತ್ ಹೋಯಿತು. ಬ್ಯಾಟರಿ ನಾಲ್ಕು ಗಂಟೆ ನಡೆದು ನಿಂತಿತು. ಮನೆಯವರೆಲ್ಲ ಮದುವೆಗೆ ಹೋಗಿದ್ದರು. ಕಾದ ನೀರಿನಲ್ಲಿ ಪ್ರಾಣವಾಯು ಕಡಿಮೆ. ಬೆಳಗಾಗುವಷ್ಟರಲ್ಲಿ ಮೀನು ಸತ್ತಿತ್ತು. ಬಿಳಿ ಬಳೆಗಳ ನಡುವೆ ಹಳದಿ ಗೆರೆ ಆಗಷ್ಟೇ ಮೂಡತೊಡಗಿತ್ತಂತೆ. "ಮಗಳಿಗೆ ಏನು ಹೇಳಿದೆಯಪ್ಪಾ?" ಎಂದು ಕೇಳಿದೆ. "ಸತ್ತಿತು ಅಂತಲೇ ಹೇಳಿದೆ ಸಾರ್. ನಾನು ಸರಿಯಾಗಿ ನೋಡಿಕೊಳ್ಳಲಿಲ್ಲ ಅಂತಲೂ ಹೇಳಿದೆ" ಎಂದ. ಆಮೇಲೆ ಅವನು ಆ ತೊಟ್ಟಿಗೆ ಇನ್ನೊಂದು ಮೀನು ತರಲಿಲ್ಲ.

ಈಗ ನನ್ನ ತಪ್ಪೊಪ್ಪಿಗೆ. 1986ರಲ್ಲಿ ಹೊಳಲ್ಕೆರೆ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ಒಂಬತ್ತನೆಯ ತರಗತಿಗೆ ಜೀವಿಗಳ ಪರಸ್ಪರ ಅವಲಂಬನೆಯ ಪಾಠ ಮಾಡುವಾಗ, ಗಾಜಿನ ಜಾಡಿಯಲ್ಲಿ ಕೆರೆಯ ನೀರು, ಜಲಸಸ್ಯ, ಎರಡು ಮೀನು ಹಾಕಿ ಮುಚ್ಚಳ ಬಿಗಿದು ಕಿಟಕಿಯಲ್ಲಿಟ್ಟೆ. ಗಿಡ ರಾತ್ರಿ ಪ್ರಾಣವಾಯು ಕೊಡುವುದಿಲ್ಲ, ತಾನೂ ಉಸಿರಾಡುತ್ತದೆ ಎಂಬುದನ್ನು ನಾನೇ ಹಿಂದಿನ ವಾರ ಕಲಿಸಿದ್ದೆ! ಬೆಳಿಗ್ಗೆ ಬೇಗ ಹೋಗಿ ನೋಡಿದರೆ ಎರಡೂ ತೇಲುತ್ತಿದ್ದವು. ನೀವು ಬರುವ ಮೊದಲೇ ತೆಗೆದು ಹೂತು, "ಪ್ರಯೋಗ ಯಶಸ್ವಿಯಾಯಿತು, ಮೀನುಗಳನ್ನು ಕೆರೆಗೆ ಬಿಟ್ಟೆ" ಎಂದೆ. ನೀವು ಚಪ್ಪಾಳೆ ತಟ್ಟಿದಿರಿ. ಆ ಚಪ್ಪಾಳೆಯಲ್ಲಿ ಹಿರಿಯೂರಿನ ಈ ಹುಡುಗನೂ ಇದ್ದ. ಆ ತರಗತಿಯಲ್ಲಿ ಕುಳಿತಿದ್ದವರೆಲ್ಲರೂ ನನ್ನನ್ನು ಕ್ಷಮಿಸಬೇಕು. ಪ್ರಯೋಗ ವಿಫಲವಾಯಿತು ಎಂದಿದ್ದರೆ ಅದಕ್ಕಿಂತ ದೊಡ್ಡ ಪಾಠ ಇರುತ್ತಿರಲಿಲ್ಲ.

ಕಡಲನ್ನು ನೋಡುವ ಆಸೆ ನಮ್ಮವರಿಗೆ ತಪ್ಪಲ್ಲ. ಚಿತ್ರದುರ್ಗದಿಂದ ಹಿರಿಯೂರಿನ ಕಡೆ ಹೋಗುವಾಗ ಐಮಂಗಲದ ಹತ್ತಿರ ಮರಡಿಹಳ್ಳಿಯಿದೆ. ಅಲ್ಲಿ ದಿಂಬುಗಳನ್ನು ಒಟ್ಟಿದಂತೆ ಕಾಣುವ ಬಂಡೆಗಳು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವಾಗಿವೆ. 250 ಕೋಟಿ ವರ್ಷಗಳಷ್ಟು ಹಿಂದೆ ನೀರಿನಡಿಯಲ್ಲಿ ಉಕ್ಕಿದ ಲಾವಾರಸ ತಣ್ಣಗಾಗಿ ಆದ ಆಕಾರ ಅದು. ನಾವು ನಡೆದಾಡುವ ನೆಲವೇ ಒಮ್ಮೆ ನೀರಿನಡಿಯಲ್ಲಿತ್ತು. ಮಕ್ಕಳನ್ನು ಕರೆದುಕೊಂಡು ಹೋಗಿ ತೋರಿಸಿ. ಆ ಸಮುದ್ರವನ್ನು ನೋಡಲು ಯಾವ ಮೀನನ್ನೂ ಮನೆಗೆ ತರಬೇಕಾಗಿಲ್ಲ.