ನಿಧಾನಗತಿಯ ಸಂಪರ್ಕದಲ್ಲಿ ಮಿಂಚಂಚೆ: ದತ್ತಾಂಶ ಉಳಿಸುವ ಬಗೆ

ಕೊಳಾಲ: ಕೊರಟಗೆರೆ ತಾಲ್ಲೂಕಿನ ಹೋಬಳಿ ಕೇಂದ್ರವಾದ ಕೊಳಾಲವೂ ಮಧುಗಿರಿ, ಪಾವಗಡ ತಾಲ್ಲೂಕುಗಳೂ ಕಲ್ಲುಬೆಟ್ಟಗಳ ಸೀಮೆಗೆ ಸೇರಿದವು. ಬೆಟ್ಟದ ಮರೆಯಲ್ಲಿರುವ ಊರುಗಳಲ್ಲಿ ಮೊಬೈಲ್ ತರಂಗ ದುರ್ಬಲವಾಗುವುದು ಸಹಜ. ಸಂಕೇತ ಚೆನ್ನಾಗಿದ್ದಾಗಲೂ ಇನ್ನೊಂದು ತೊಡಕುಂಟು. ದಿನದ ಮಿತಿ ಮುಗಿದೊಡನೆ ವೇಗವು ಸೆಕೆಂಡಿಗೆ 64 ಕಿಲೋಬಿಟ್‌ಗೆ ಇಳಿಯುವ ಪ್ರೀಪೇಯ್ಡ್ ಯೋಜನೆಗಳು ಬಳಕೆಯಲ್ಲಿವೆ. ಉದ್ಯೋಗದ ಅರ್ಜಿಯನ್ನು ಕೊನೆಯ ದಿನದ ಸಂಜೆ ಕಳುಹಿಸಲು ಕುಳಿತ ಅಭ್ಯರ್ಥಿಗೆ ಇದರ ಬಿಸಿ ತಟ್ಟುತ್ತದೆ. ಆದರೆ ತೊಂದರೆಯ ಬಹುಪಾಲು ಸಂಪರ್ಕದ್ದಲ್ಲ. ಕೇಳದಿದ್ದರೂ ಎಲ್ಲವನ್ನೂ ತರಿಸುವ, ಕಳುಹಿಸಿದ್ದನ್ನೇ ಮತ್ತೆ ಕಳುಹಿಸುವ ಮಿಂಚಂಚೆ ತಂತ್ರಾಂಶದ್ದು. ಅದನ್ನು ಹತೋಟಿಗೆ ತರುವ ಕ್ರಮಗಳನ್ನು ಇಲ್ಲಿ ವಿವರಿಸಲಾಗಿದೆ.

ಲೆಕ್ಕಾಚಾರ

ಸೆಕೆಂಡಿಗೆ 64 ಕಿಲೋಬಿಟ್ ಎಂದರೆ 8 ಕಿಲೋಬೈಟ್. ಲಗತ್ತುಗಳು ಸಾಮಾನ್ಯವಾಗಿ ಇದ್ದ ರೂಪದಲ್ಲೇ ಸಾಗುವುದಿಲ್ಲ. ಬೇಸ್64 ಎಂಬ ಸಂಕೇತ ಪದ್ಧತಿಯಲ್ಲಿ ಪ್ರತಿ 3 ಬೈಟ್‌ಗಳು 4 ಅಕ್ಷರಗಳಾಗಿ ಮಾರ್ಪಡುತ್ತವೆ. ಸಾಲುಗಳ ಕೊನೆಯ ಗುರುತುಗಳೂ ಸೇರಿ ಗಾತ್ರ ಸುಮಾರು ಶೇ. 37ರಷ್ಟು ಹಿಗ್ಗುತ್ತದೆ. ಹಾಗಾಗಿ 3 ಮೆಗಾಬೈಟ್‌ನ ಒಂದು ಛಾಯಾಚಿತ್ರ ತಲುಪಲು, ಎಲ್ಲವೂ ಸುಗಮವಾಗಿದ್ದರೂ, ಎಂಟೂವರೆ ನಿಮಿಷ ಬೇಕು.

ಇದಕ್ಕೆ ಹೋಲಿಸಿದರೆ ಕನ್ನಡ ಪಠ್ಯ ತೀರ ಹಗುರ. ಯೂನಿಕೋಡ್‌ನ ಯುಟಿಎಫ್-8 ರೂಪದಲ್ಲಿ ಕನ್ನಡದ ಪ್ರತಿಯೊಂದು ಚಿಹ್ನೆಗೂ 3 ಬೈಟ್ ಬೇಕು. 'ಕೊಳಾಲ' ಎಂಬ ಪದದಲ್ಲಿ 5 ಚಿಹ್ನೆಗಳಿದ್ದು 15 ಬೈಟ್ ಆಗುತ್ತದೆ. ಬೇಸ್64ರಲ್ಲಿ ಅದು 20 ಬೈಟ್. 2,000 ಚಿಹ್ನೆಗಳ ಒಂದು ಪುಟ ಸುಮಾರು 8 ಕಿಲೋಬೈಟ್ ಆದೀತು, ಅಂದರೆ ಒಂದು ಸೆಕೆಂಡಿನ ಕೆಲಸ. ನುಡಿ, ಬರಹಗಳ ಹಳೆಯ ಫಾಂಟ್‌ಗಳಲ್ಲಿ ಬರೆದ ಪತ್ರ ಇನ್ನೊಂದು ಗಣಕಯಂತ್ರದಲ್ಲಿ ಓದಲಾಗದೆ ಹೋಗುತ್ತಿದ್ದ ಕಾಲದಲ್ಲಿ ಅದನ್ನು ಚಿತ್ರವಾಗಿಸಿ ಕಳುಹಿಸುವುದು ಅನಿವಾರ್ಯವಿತ್ತು. ಯೂನಿಕೋಡ್ ಬಂದ ಮೇಲೆ ಆ ಕಾರಣ ಉಳಿದಿಲ್ಲ. ಸಹಿ, ಮೊಹರು ಕಡ್ಡಾಯವಲ್ಲದ ಪತ್ರವನ್ನು ಅಕ್ಷರಗಳಲ್ಲೇ ಬರೆಯುವುದು ಮೊದಲ ಉಳಿತಾಯ.

ಬರುವ ಅಂಚೆ

ಅಂಚೆ ತರಿಸಲು ಎರಡು ವಿಧಾನಗಳು ರೂಢಿಯಲ್ಲಿವೆ. ಪಾಪ್ ವಿಧಾನವು ಸಾಮಾನ್ಯವಾಗಿ ಪತ್ರವನ್ನು ಲಗತ್ತುಸಮೇತ ಇಡಿಯಾಗಿ ಇಳಿಸಿಕೊಳ್ಳುತ್ತದೆ. ಐಮ್ಯಾಪ್ ವಿಧಾನದಲ್ಲಿ ಮೊದಲು ಶೀರ್ಷಿಕೆ, ತೆರೆದರೆ ಪಠ್ಯ, ಕೇಳಿದರೆ ಮಾತ್ರ ಲಗತ್ತು ಎಂದು ಹಂತಹಂತವಾಗಿ ತರಿಸಬಹುದು. ನಿಧಾನ ಸಂಪರ್ಕಕ್ಕೆ ಐಮ್ಯಾಪ್ ಲೇಸು. ಆದರೆ ಮೊಜಿಲ್ಲಾ ಥಂಡರ್‌ಬರ್ಡ್‌ನಂತಹ ತಂತ್ರಾಂಶ ಐಮ್ಯಾಪ್‌ನಲ್ಲಿಯೂ ಎಲ್ಲ ಪತ್ರಗಳ ಪ್ರತಿಯನ್ನು ತಾನಾಗಿ ಇಳಿಸಿಕೊಳ್ಳುವಂತೆ ಹೊಂದಿಸಲ್ಪಟ್ಟಿರುತ್ತದೆ. ಅಕೌಂಟ್ ಸೆಟ್ಟಿಂಗ್ಸ್‌ನ 'ಸಿಂಕ್ರೊನೈಸೇಶನ್ ಆಂಡ್ ಸ್ಟೋರೇಜ್' ಪುಟದಲ್ಲಿ ಹೀಗೆ ಮಾಡತಕ್ಕದ್ದು:

1. ಇನ್‌ಬಾಕ್ಸ್ ಒಂದನ್ನು ಬಿಟ್ಟು ಉಳಿದ ಫೋಲ್ಡರ್‌ಗಳ ಗುರುತನ್ನು ತೆಗೆಯಿರಿ. ಇನ್‌ಬಾಕ್ಸನ್ನೂ ತೆಗೆದರೆ ನಷ್ಟವೇ ಹೆಚ್ಚು. ಓದಿದ ಪತ್ರವನ್ನು ಮರಳಿ ತೆರೆದಾಗ ಅದು ಪುನಃ ಇಳಿಯಬೇಕಾದೀತು.

2. ಇತ್ತೀಚಿನ 30 ದಿನಗಳ ಪತ್ರಗಳಷ್ಟೇ ಸಾಕೆಂದು ಸೂಚಿಸಿರಿ.

3. 50 ಕಿಲೋಬೈಟ್‌ಗಿಂತ ದೊಡ್ಡ ಪತ್ರಗಳನ್ನು ತಾನಾಗಿ ಇಳಿಸದಂತೆ ಮಿತಿ ವಿಧಿಸಿರಿ.

ಜೊತೆಗೆ 'ವ್ಯೂ' ಪಟ್ಟಿಯಲ್ಲಿ ಲಗತ್ತುಗಳನ್ನು ಪತ್ರದೊಳಗೇ ತೋರಿಸುವ ಆಯ್ಕೆಯನ್ನು ತೆಗೆದರೆ ಚಿತ್ರಗಳು ಕೇಳದೆ ಬಾರವು. ಜಾಹೀರಾತು ಪತ್ರಗಳ ದೂರಸ್ಥ ಚಿತ್ರಗಳನ್ನು ಥಂಡರ್‌ಬರ್ಡ್ ತಾನೇ ತಡೆಯುತ್ತದೆ. ಆ ತಡೆಯನ್ನು ಸಡಿಲಿಸದಿರಿ. ಹತ್ತು ನಿಮಿಷಕ್ಕೊಮ್ಮೆ ಹೊಸ ಅಂಚೆಯನ್ನು ಹುಡುಕುವ ವ್ಯವಸ್ಥೆಯನ್ನು ಒಂದು ಗಂಟೆಗೆ ಏರಿಸಬಹುದು.

ಜಿಮೇಲ್ ಖಾತೆಗೆ ವಿಶೇಷ ಎಚ್ಚರ ಅಗತ್ಯ. ಅದರ 'ಆಲ್ ಮೇಲ್' ಫೋಲ್ಡರ್‌ನಲ್ಲಿ ಇನ್‌ಬಾಕ್ಸ್‌ನ ಪತ್ರಗಳೂ ಇರುವುದರಿಂದ ಒಂದೇ ಪತ್ರ ಎರಡು ಸಲ ಇಳಿಯುವ ಸಂಭವವಿದೆ. ಜಿಮೇಲ್‌ನ ಲೇಬಲ್ ಸೆಟ್ಟಿಂಗ್ಸ್‌ನಲ್ಲಿ ಅದನ್ನು ಐಮ್ಯಾಪ್‌ಗೆ ತೋರಿಸದಂತೆ ಮಾಡಿದರೆ ಈ ದುಂದು ನಿಲ್ಲುತ್ತದೆ.

ಹೋಗುವ ಅಂಚೆ

ಬಹುತೇಕರ ಗಮನಕ್ಕೆ ಬಾರದ ಸೋರಿಕೆ ಇಲ್ಲಿದೆ. ಪತ್ರ ರವಾನೆಯಾದ ಬಳಿಕ ತಂತ್ರಾಂಶವು ಅದರ ಪ್ರತಿಯನ್ನು 'ಸೆಂಟ್' ಫೋಲ್ಡರ್‌ಗೆ ಮತ್ತೊಮ್ಮೆ ಏರಿಸುತ್ತದೆ. ಎಂಟೂವರೆ ನಿಮಿಷದ ಚಿತ್ರಕ್ಕೆ ಹದಿನೇಳು ನಿಮಿಷ ಹಿಡಿಯುವುದು ಹೀಗೆ. ಜಿಮೇಲ್ ತನ್ನ ಮೂಲಕ ಹೋದ ಪತ್ರದ ಪ್ರತಿಯನ್ನು ತಾನೇ ಇಟ್ಟುಕೊಳ್ಳುವುದರಿಂದ, ಆ ಖಾತೆಯಲ್ಲಿ 'ಕಾಪೀಸ್ ಆಂಡ್ ಫೋಲ್ಡರ್ಸ್' ಪುಟದ ಪ್ರತಿ ಇಡುವ ಗುರುತನ್ನು ತೆಗೆದರೆ ಯಾವ ನಷ್ಟವೂ ಇಲ್ಲ.

ಕರಡಿನದೂ ಇದೇ ಕಥೆ. ಬರೆಯುತ್ತಿರುವ ಪತ್ರವನ್ನು ಥಂಡರ್‌ಬರ್ಡ್ ಐದು ನಿಮಿಷಕ್ಕೊಮ್ಮೆ ಉಳಿಸುತ್ತದೆ. ಕರಡಿನ ಫೋಲ್ಡರ್ ಸರ್ವರ್‌ನಲ್ಲಿದ್ದರೆ ಲಗತ್ತೂ ಪ್ರತಿಬಾರಿ ಏರುತ್ತದೆ. ಕರಡನ್ನು 'ಲೋಕಲ್ ಫೋಲ್ಡರ್ಸ್'ಗೆ ವರ್ಗಾಯಿಸಿರಿ. ಲಗತ್ತನ್ನು ಪತ್ರ ಬರೆದು ಮುಗಿಸಿದ ಮೇಲೆ ಸೇರಿಸಿರಿ.

ಅಲಂಕಾರವಿಲ್ಲದ ಸರಳ ಪಠ್ಯವಾಗಿ ಕಳುಹಿಸುವುದು, ಉತ್ತರಿಸುವಾಗ ಹಳೆಯ ಪತ್ರಗಳ ಬಾಲವನ್ನು ಕತ್ತರಿಸುವುದು, ಛಾಯಾಚಿತ್ರದ ಅಗಲವನ್ನು 1,200 ಪಿಕ್ಸೆಲ್ ಆಸುಪಾಸಿಗೆ ಇಳಿಸುವುದು ಸ್ವೀಕರಿಸುವವರಿಗೂ ಉಪಕಾರ. ಅರ್ಜಿಯ ದಾಖಲೆಗೆ ನಿಗದಿತ ಗಾತ್ರವಿದ್ದರೆ ಅದನ್ನೇ ಪಾಲಿಸಬೇಕು.

ಮೊಬೈಲ್‌ನಲ್ಲಿ

ಆಂಡ್ರಾಯ್ಡ್‌ನ ಜಿಮೇಲ್‌ನಲ್ಲಿ ಎಷ್ಟು ದಿನಗಳ ಅಂಚೆ ಇಳಿಯಬೇಕೆಂಬುದನ್ನು ಕಡಿಮೆ ಮಾಡಬಹುದು. ಹೊರಗಿನ ಚಿತ್ರಗಳನ್ನು ತೋರಿಸುವ ಮುನ್ನ ಕೇಳುವಂತೆಯೂ ಹೊಂದಿಸಬಹುದು. 2024ರ ಅಕ್ಟೋಬರ್‌ನಲ್ಲಿ ಬಿಡುಗಡೆಯಾದ ಆಂಡ್ರಾಯ್ಡ್ ಥಂಡರ್‌ಬರ್ಡ್, ಹಳೆಯ ಕೆ-9 ಮೇಲ್ ಆಧಾರಿತವಾಗಿದ್ದು, ತಾನಾಗಿ ಇಳಿಯುವ ಪತ್ರದ ಗಾತ್ರಕ್ಕೆ ಮಿತಿ ಹಾಕಲು ಅವಕಾಶ ನೀಡುತ್ತದೆ.

ಮೊದಲ ಸಲ ಖಾತೆಯನ್ನು ಹೊಂದಿಸುವಾಗ ಅತಿ ಹೆಚ್ಚು ದತ್ತಾಂಶ ವ್ಯಯವಾಗುತ್ತದೆ. ಅದನ್ನೂ ದೊಡ್ಡ ಲಗತ್ತುಗಳನ್ನೂ ವೈಫೈ ಲಭ್ಯವಿರುವೆಡೆ ಮುಗಿಸಿಕೊಂಡು, ಊರಿನಲ್ಲಿ ಪಠ್ಯವನ್ನಷ್ಟೇ ನೋಡುವುದು ಜಾಣತನ. ಇಷ್ಟು ಮಾಡಿಕೊಂಡರೆ ಮಿತಿ ಮುಗಿದ ಸಂಜೆಯಲ್ಲೂ ಒಂದು ಪುಟದ ಪತ್ರ ಕ್ಷಣಗಳಲ್ಲಿ ಹೋಗಿ ಸೇರುತ್ತದೆ. ಅರ್ಜಿಯ ಗಡುವು ತಪ್ಪುವುದಿಲ್ಲ.