ಅಲ್ಪಾವಧಿ ಕೋರ್ಸ್: ಹಣ ಕಟ್ಟುವ ಮುನ್ನ ತಿಳಿಯಬೇಕಾದ್ದು

ನೌಕರಿ ಸಿಕ್ಕ ಮೇಲೆ ಓದು ಮುಗಿಯಿತೆಂಬ ಕಾಲ ಹಿಂದೆ ಸರಿದಿದೆ. ಬಡ್ತಿಗಾಗಿಯೋ, ವೃತ್ತಿಯನ್ನೇ ಬದಲಿಸುವ ಉದ್ದೇಶದಿಂದಲೋ ನಲವತ್ತರ ಹೊಸ್ತಿಲಲ್ಲಿ ಮತ್ತೆ ಪುಸ್ತಕ ಹಿಡಿಯುವವರು ಇಂದು ಅಪರೂಪವಲ್ಲ. ಕೆಲಸ ಬಿಡದೆಯೇ ಕೆಲವು ವಾರ ಅಥವಾ ತಿಂಗಳುಗಳಲ್ಲಿ ಮುಗಿಸಬಹುದಾದ ಕೋರ್ಸುಗಳು ಇಂಥವರಿಗೆ ಆಸರೆಯಾಗಿವೆ. ಆದರೆ ಎಲ್ಲ ಪ್ರಮಾಣಪತ್ರಗಳ ತೂಕವೂ ಒಂದೇ ಅಲ್ಲ ಎಂಬುದನ್ನು ಮರೆಯಬಾರದು.

ಮನೆಯಿಂದಲೇ ಕಲಿಕೆ: ಐಐಟಿಗಳು ಹಾಗೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಜೊತೆಗೂಡಿ 2003ರಲ್ಲಿ ಎನ್‌ಪಿಟೆಲ್ ಯೋಜನೆಯನ್ನು ಆರಂಭಿಸಿದವು. ಕೇಂದ್ರ ಸರ್ಕಾರದ 'ಸ್ವಯಂ' ತಾಣ 2017ರಲ್ಲಿ ಲೋಕಾರ್ಪಣೆಗೊಂಡಿತು. ಇಲ್ಲಿನ ಎನ್‌ಪಿಟೆಲ್ ಕೋರ್ಸುಗಳು 4, 8 ಅಥವಾ 12 ವಾರಗಳ ಅವಧಿಯವು. ಪಾಠ ಉಚಿತ, ಪ್ರಮಾಣಪತ್ರ ಬೇಕಿದ್ದವರು ಮಾತ್ರ ಶುಲ್ಕ ತೆತ್ತು, ನಿಗದಿತ ಕೇಂದ್ರಕ್ಕೆ ತೆರಳಿ ಪರೀಕ್ಷೆ ಬರೆಯಬೇಕು. ಮೇಲ್ವಿಚಾರಣೆಯಲ್ಲಿ ನಡೆಯುವ ಈ ಪರೀಕ್ಷೆಯೇ ಅದರ ಬೆಲೆಯನ್ನು ಹೆಚ್ಚಿಸಿದೆ.

ಕೈಕಸುಬಿನ ತರಬೇತಿ: ಡೆನ್ಮಾರ್ಕ್ ಸರ್ಕಾರದ ನೆರವಿನೊಂದಿಗೆ 1972ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ ಈಗ ರಾಜ್ಯದ ಹಲವು ಊರುಗಳಲ್ಲಿದೆ. ಸಿಎನ್‌ಸಿ ಯಂತ್ರ, ಕಂಪ್ಯೂಟರ್ ವಿನ್ಯಾಸ ಮುಂತಾದ ವಿಷಯಗಳಲ್ಲಿ ಅಲ್ಪಾವಧಿ ತರಬೇತಿಯನ್ನೂ ನೀಡುತ್ತದೆ. ಸ್ವಂತ ಉದ್ಯೋಗದ ಹಂಬಲವುಳ್ಳವರಿಗೆ 1982ರಲ್ಲಿ ಉಜಿರೆಯಲ್ಲಿ ಹುಟ್ಟಿದ ರುಡ್‌ಸೆಟ್ ಸಂಸ್ಥೆಯ ಮಾದರಿ ದಾರಿ ತೋರಿದೆ. ಊಟ, ವಸತಿ ಸಹಿತ ಉಚಿತ ತರಬೇತಿ ಅದರ ವಿಶೇಷ. ಬ್ಯಾಂಕುಗಳು ನಡೆಸುವ ಆರ್‌ಸೆಟಿ ಕೇಂದ್ರಗಳು ಇದೇ ಮಾದರಿಯಲ್ಲಿ ರೂಪುಗೊಂಡವು.

ಅನುಭವಕ್ಕೂ ಮಾನ್ಯತೆ: ವರ್ಷಗಟ್ಟಲೆ ದುಡಿದು ಕೆಲಸ ಕಲಿತಿದ್ದರೂ ಕಾಗದಪತ್ರವಿಲ್ಲದವರ ಕೌಶಲವನ್ನು ಅಳೆದು ಪ್ರಮಾಣಪತ್ರ ನೀಡುವ ವ್ಯವಸ್ಥೆಯನ್ನು 2015ರಲ್ಲಿ ಆರಂಭವಾದ ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆ ಅಳವಡಿಸಿಕೊಂಡಿತು. ಕೌಶಲ ಕೋರ್ಸಿಗೆ ಸೇರುವಾಗ ಅದು 2013ರಲ್ಲಿ ಅಧಿಸೂಚಿತವಾದ ರಾಷ್ಟ್ರೀಯ ಕೌಶಲ ಅರ್ಹತಾ ಚೌಕಟ್ಟಿನ ಯಾವ ಹಂತಕ್ಕೆ ಸೇರಿದೆ ಎಂದು ಕೇಳಿ ತಿಳಿಯುವುದು ಒಳಿತು.

ಎಚ್ಚರಿಕೆ ಎಲ್ಲಿ?: ಖಾಸಗಿ ಸಂಸ್ಥೆಗಳ ದುಬಾರಿ ಕೋರ್ಸುಗಳಲ್ಲಿ 'ಬಡ್ಡಿರಹಿತ ಕಂತು' ಎಂಬುದು ಬಹುತೇಕ ಹಣಕಾಸು ಕಂಪನಿಯೊಂದು ಕಲಿಯುವವರ ಹೆಸರಿನಲ್ಲೇ ನೀಡುವ ಸಾಲ. ನಡುವೆ ಕೋರ್ಸ್ ಬಿಟ್ಟರೂ ಕಂತು ನಿಲ್ಲದಿರಬಹುದು. ಡಿಜಿಟಲ್ ಸಾಲದಿಂದ ನಿಗದಿತ ಅವಧಿಯೊಳಗೆ ದಂಡವಿಲ್ಲದೆ ಹೊರಬರುವ ಅವಕಾಶವನ್ನು ರಿಸರ್ವ್ ಬ್ಯಾಂಕ್ 2022ರಲ್ಲಿ ಕಲ್ಪಿಸಿದೆ. ಆದರೆ ಆ ಅವಧಿ ಬಹಳ ಕಿರಿದು. ಅಸಲು ಹಾಗೂ ಅಷ್ಟು ದಿನದ ಬಡ್ಡಿ, ವೆಚ್ಚ ತೆರಬೇಕು. 'ನೂರಕ್ಕೆ ನೂರು ಉದ್ಯೋಗ' ಎಂಬ ಭರವಸೆಯ ಷರತ್ತುಗಳನ್ನು ಲಿಖಿತವಾಗಿ ಪಡೆಯದೆ ಸಹಿ ಹಾಕಬಾರದು.

ಅಲ್ಪಾವಧಿ ಪ್ರಮಾಣಪತ್ರ ಪದವಿಗೆ ಸಮವಲ್ಲ. ಸರ್ಕಾರಿ ನೇಮಕಾತಿಯಲ್ಲಿ ಅಧಿಸೂಚನೆ ಹೇಳಿದ ವಿದ್ಯಾರ್ಹತೆಯೇ ಅಂತಿಮ. ಆದ್ದರಿಂದ ಮೊದಲು ಬಯಸಿದ ಹುದ್ದೆಗಳ ಹತ್ತಾರು ಜಾಹೀರಾತುಗಳನ್ನು ಓದಿ, ಅವು ಕೇಳುವ ಕೌಶಲಗಳನ್ನು ಪಟ್ಟಿ ಮಾಡಬೇಕು. ತನ್ನಲ್ಲಿ ಇಲ್ಲದ್ದು ಯಾವುದೆಂದು ಅರಿತ ಬಳಿಕ ಅದನ್ನು ಕಲಿಸುವ ಕೋರ್ಸನ್ನು ಹುಡುಕಬೇಕು. ಉಚಿತ ಪಾಠಗಳಿಂದ ಆಸಕ್ತಿಯನ್ನು ಪರೀಕ್ಷಿಸಿಕೊಂಡು ಮುಂದಡಿಯಿಡುವುದು ಜಾಣತನ. ಕೈಯಲ್ಲಿರುವ ಕೆಲಸಕ್ಕೆ ರಾಜೀನಾಮೆ ನೀಡುವುದು ಕೊನೆಯ ಹೆಜ್ಜೆಯಾಗಲಿ.